ತೋರುಗೋಲಿನ ತುದಿ

ಕಳೆದ ತಿಂಗಳು ಹಳೆಯ ಬೀರುವನ್ನು ಖಾಲಿ ಮಾಡುತ್ತಿದ್ದಾಗ ನಮ್ಮ ದೊಡ್ಡಣ್ಣನವರು ಇಂಜಿನಿಯರಿಂಗ್ ಓದುವಾಗ ಬಳಸುತ್ತಿದ್ದ ಸ್ಲೈಡ್ ರೂಲ್ ಕೈಗೆ ಸಿಕ್ಕಿತು. ಚರ್ಮದ ಚೀಲ ಶಿಥಿಲವಾಗಿತ್ತು; ಒಳಗಿನ ಪಟ್ಟಿ ಮಾತ್ರ ಇನ್ನೂ ಸಲೀಸಾಗಿ ಜಾರುತ್ತಿತ್ತು. ಕ್ಯಾಲ್ಕುಲೇಟರುಗಳು ಬರುವ ಮೊದಲು ಗುಣಾಕಾರ, ಭಾಗಾಕಾರ, ವರ್ಗಮೂಲಗಳನ್ನು ಲಾಗರಿದಮ್ಮಿನ ತತ್ತ್ವದ ಮೇಲೆ ಕ್ಷಣಾರ್ಧದಲ್ಲಿ ಮಾಡಿಕೊಡುತ್ತಿದ್ದ ಸಾಧನವದು. ಪಟ್ಟಿಯ ಮೇಲೆ ಅತ್ತಿಂದಿತ್ತ ಸರಿಯುವ ಒಂದು ಪಾರದರ್ಶಕ ಚೌಕಟ್ಟು, ಅದರ ನಡುವೆ ಕೂದಲೆಳೆಯಂಥ ಒಂದು ಗೆರೆ. ಆ ಚೌಕಟ್ಟಿನ ಹೆಸರು ಕರ್ಸರ್. ಲ್ಯಾಟಿನ್ ಭಾಷೆಯಲ್ಲಿ ಆ ಪದಕ್ಕೆ 'ಓಡುವವನು' ಎಂದು ಅರ್ಥ. ಗಣಕಯಂತ್ರದ ಪರದೆಯ ಮೇಲೆ ಓಡಾಡುವ ಬಾಣಕ್ಕೂ ಅದೇ ಹೆಸರು ಬಂದಿದೆ.

ನಾನು ಬಿ.ಎಸ್ಸಿ. ಓದುತ್ತಿದ್ದಾಗ ಅಣ್ಣ ಆ ಸಾಧನವನ್ನು ನನಗೆ ಕೊಟ್ಟು ಹೇಳಿದ ಮೊದಲ ಮಾತು ಇನ್ನೂ ನೆನಪಿದೆ: "ಚೌಕಟ್ಟಿನ ಅಂಚು ನೋಡಬೇಡ ಕಣೋ, ಗೆರೆ ನೋಡು. ಲೆಕ್ಕ ಇರುವುದು ಗೆರೆಯಲ್ಲಿ." ಆ ಮಾತನ್ನು ನಾನು ಮೂವತ್ತು ವರ್ಷಗಳ ಕಾಲ ನೂರಾರು ಮಕ್ಕಳಿಗೆ ಬೇರೆ ಬೇರೆ ರೂಪದಲ್ಲಿ ಹೇಳಿದ್ದೇನೆ. ಆದರೆ 2002ರಲ್ಲಿ, ಅದನ್ನು ನಾನೇ ನೆನಪಿಡಬೇಕಾಗಿದ್ದ ಸಮಯದಲ್ಲಿ ಮರೆತೆ. ಅದರ ಫಲವಾಗಿ ಒಬ್ಬ ಹುಡುಗನಿಗೆ ಅನ್ಯಾಯವಾಯಿತು. ಆ ತರಗತಿಯಲ್ಲಿದ್ದ ಕೆಲವರು ಇದನ್ನು ಓದುವಿರಿ ಎಂದು ಬಲ್ಲೆ. ಅಂದು ನಿಮ್ಮೆದುರು ಚುಟುಕಾಗಿ ಹೇಳಿದ್ದನ್ನು ಇಂದು ಪೂರ್ತಿಯಾಗಿ ಹೇಳುತ್ತೇನೆ.

ಮೊದಲು ಈ ಬಾಣದ ಕುಲಗೋತ್ರವನ್ನು ಸ್ವಲ್ಪ ತಿಳಿಸುವೆ. ಮೇಷ್ಟ್ರ ಅಭ್ಯಾಸ, ಬಿಡುವುದಿಲ್ಲ. 1968ರ ಡಿಸೆಂಬರ್ 9ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಡಗ್ಲಾಸ್ ಎಂಗೆಲ್‌ಬಾರ್ಟ್ ಎಂಬ ವಿಜ್ಞಾನಿ ಸಾವಿರಾರು ಮೈಲಿ ದೂರದಲ್ಲಿದ್ದ ನಾವು ಕಲ್ಪಿಸಿಕೊಳ್ಳಲೂ ಆಗದಂಥ ಒಂದು ಪ್ರಾತ್ಯಕ್ಷಿಕೆ ನೀಡಿದರು. ಅಂಗೈಯಲ್ಲಿ ಹಿಡಿಯುವ ಒಂದು ಪುಟ್ಟ ಪೆಟ್ಟಿಗೆಯನ್ನು ಮೇಜಿನ ಮೇಲೆ ಸರಿಸಿದರೆ ಪರದೆಯ ಮೇಲಿನ ಗುರುತು ತಾನೂ ಸರಿಯುತ್ತಿತ್ತು. ಆ ಪೆಟ್ಟಿಗೆಯೇ ಮೌಸ್. ಆಗ ಆ ಗುರುತಿಗೆ ಅವರು ಇಟ್ಟಿದ್ದ ಹೆಸರು 'ಬಗ್', ಎಂದರೆ ಹುಳು. ಅದು ನೆಟ್ಟಗೆ ಮೇಲ್ಮುಖವಾಗಿತ್ತು. ಮುಂದೆ 1973ರಲ್ಲಿ ಝೆರಾಕ್ಸ್ ಸಂಸ್ಥೆಯ ಪಾಲೊ ಆಲ್ಟೊ ಸಂಶೋಧನಾಲಯದಲ್ಲಿ ಆಲ್ಟೊ ಎಂಬ ಗಣಕ ರೂಪುಗೊಂಡಿತು. ಅದರ ಕರ್ಸರ್ ಉದ್ದಗಲಕ್ಕೆ ಹದಿನಾರು ಚುಕ್ಕಿಗಳ ಚೌಕವಷ್ಟೆ. ಅಷ್ಟು ಕಡಿಮೆ ಚುಕ್ಕಿಗಳಲ್ಲಿ ನೆಟ್ಟನೆಯ ಬಾಣದ ತುದಿಯನ್ನು ಚೂಪಾಗಿ ಬಿಡಿಸುವುದು ಕಷ್ಟ. ಒಂದು ಅಂಚನ್ನು ನೇರವಾಗಿ ನಿಲ್ಲಿಸಿ ಇನ್ನೊಂದನ್ನು ನಲವತ್ತೈದು ಡಿಗ್ರಿಗೆ ಎಳೆದರೆ ಸ್ಫುಟವಾಗಿ ಕಾಣುತ್ತದೆ. ಹೀಗಾಗಿ ಬಾಣ ಎಡಕ್ಕೆ ವಾಲಿತು. ಇಂದು ಪರದೆಗಳಲ್ಲಿ ಲಕ್ಷಗಟ್ಟಲೆ ಚುಕ್ಕಿಗಳಿವೆ, ಬಾಣ ಮಾತ್ರ ಹಾಗೆಯೇ ವಾಲಿಕೊಂಡಿದೆ.

ನಮ್ಮ ಶಾಲೆಗೆ ದಾನಿಗಳೊಬ್ಬರಿಂದ ನಾಲ್ಕು ಗಣಕಯಂತ್ರಗಳು ಬಂದಾಗ ನನಗೆ ಐವತ್ತನಾಲ್ಕು ವರ್ಷ. ನಿವೃತ್ತಿಗೆ ಇನ್ನು ನಾಲ್ಕೇ ವರ್ಷ ಉಳಿದಿತ್ತು. ಗಣಿತದ ಮೇಷ್ಟ್ರು ಎಂಬ ಒಂದೇ ಕಾರಣಕ್ಕೆ ಅವುಗಳ ಉಸ್ತುವಾರಿ ನನ್ನ ತಲೆಗೆ ಬಂತು. ವಿಷುಯಲ್ ಬೇಸಿಕ್ 6 ಎಂಬ ಭಾಷೆಯ ಪುಸ್ತಕ ತಂದುಕೊಂಡು, ರಾತ್ರಿ ಊಟವಾದ ಮೇಲೆ ಓದಿ, ಬೆಳಿಗ್ಗೆ ಶಾಲೆಯಲ್ಲಿ ಪ್ರಯೋಗ ಮಾಡುತ್ತಿದ್ದೆ. ನನ್ನ ಮೊದಲ ತಂತ್ರಾಂಶ ಕಚೇರಿಯ ಶುಲ್ಕದ ಲೆಕ್ಕಕ್ಕೆ ಸಂಬಂಧಿಸಿದ್ದು. ಲೆಕ್ಕ ನಡೆಯುವಾಗ ಬಾಣದ ಬದಲು ಮರಳು ಗಡಿಯಾರ ಕಾಣಿಸುವಂತೆ ಮಾಡಿದ್ದೆ. ಆ ಭಾಷೆಯಲ್ಲಿ ಅದು ಬಹಳ ಸುಲಭ: ಮೌಸ್ ಪಾಯಿಂಟರ್ ಎಂಬ ಗುಣಕ್ಕೆ 11 ಎಂಬ ಬೆಲೆ ಕೊಟ್ಟರೆ ಮರಳು ಗಡಿಯಾರ, 0 ಕೊಟ್ಟರೆ ಮತ್ತೆ ಮಾಮೂಲಿ ಬಾಣ. ಲೆಕ್ಕದ ಆರಂಭದಲ್ಲಿ 11, ಕೊನೆಯಲ್ಲಿ 0.

ಒಂದು ದಿನ ಲೆಕ್ಕದ ನಡುವೆ ಏನೋ ದೋಷ ಬಂತು. ದೋಷ ಬಂದರೆ ಎಲ್ಲಿಗೆ ಹೋಗಬೇಕೆಂದು ಬರೆದಿದ್ದೆ. ಹೋಗುವಾಗ ಮರಳು ಗಡಿಯಾರವನ್ನು ತೆಗೆದು ಹೋಗಬೇಕೆಂದು ಬರೆದಿರಲಿಲ್ಲ. ಲೆಕ್ಕ ನಿಂತಿತ್ತು, ಗಡಿಯಾರ ನಿಂತಿರಲಿಲ್ಲ. ನಮ್ಮ ಗುಮಾಸ್ತರು ಪಾಪ, ಯಂತ್ರ ಕೆಲಸ ಮಾಡುತ್ತಿದೆಯೆಂದು ಭಾವಿಸಿ ಮುಕ್ಕಾಲು ಗಂಟೆ ಕೈಕಟ್ಟಿಕೊಂಡು ಕುಳಿತಿದ್ದರು. ನಾನು ಹೋದಾಗ ಅವರು ಹೇಳಿದ್ದು, "ನಾನೇ ಏನೋ ತಪ್ಪು ಒತ್ತಿರಬೇಕು ಮೇಷ್ಟ್ರೇ, ಬೈಯಬೇಡಿ." ನಾನು ನಕ್ಕು, ದೋಷದ ದಾರಿಯಲ್ಲೂ 0 ಬರೆದು ಸರಿಪಡಿಸಿದೆ. ಆ ಮಾತಿನ ತೂಕ ಅಂದು ನನಗೆ ತಿಳಿಯಲಿಲ್ಲ. ಕರ್ಸರ್ ಎಂಬುದು ಯಂತ್ರವು ಬಳಕೆದಾರನಿಗೆ ಕೊಡುವ ಮಾತು. 'ಕಾಯಿರಿ' ಎನ್ನುತ್ತದೆ, 'ಇಲ್ಲಿ ಬರೆಯಿರಿ' ಎನ್ನುತ್ತದೆ, 'ನೀವು ತೋರಿಸುತ್ತಿರುವುದು ಇದನ್ನೇ' ಎನ್ನುತ್ತದೆ. ಆ ಮಾತು ಸುಳ್ಳಾದರೆ ಬಳಕೆದಾರ ಯಂತ್ರವನ್ನು ಶಂಕಿಸುವುದಿಲ್ಲ, ತನ್ನನ್ನೇ ಶಂಕಿಸುತ್ತಾನೆ.

ಎರಡನೆಯ ತಂತ್ರಾಂಶ ಮಕ್ಕಳಿಗಾಗಿ ಮಾಡಿದ ಭೂಪಟದ ಆಟ. ಪರದೆಯ ತುಂಬ ಕರ್ನಾಟಕದ ಭೂಪಟ, ಅದರ ಮೇಲೆ ಊರುಗಳ ಹೆಸರಿಲ್ಲ. 'ಹಂಪಿ ಎಲ್ಲಿದೆ?', 'ತುಂಗೆ ಭದ್ರೆಯರು ಕೂಡುವ ಕೂಡಲಿ ಎಲ್ಲಿ?' ಹೀಗೆ ಇಪ್ಪತ್ತು ಪ್ರಶ್ನೆಗಳು. ಮಗು ಆ ಸ್ಥಳದ ಮೇಲೆ ಬಾಣವನ್ನಿಟ್ಟು ಗುಂಡಿ ಒತ್ತಬೇಕು. ಒತ್ತಿದ ಬಿಂದು ನಿಜವಾದ ಸ್ಥಳದಿಂದ ಹನ್ನೆರಡು ಚುಕ್ಕಿಗಳ ಒಳಗಿದ್ದರೆ 'ಸರಿ', ಇಲ್ಲವಾದರೆ 'ತಪ್ಪು'. ಪರದೆ 640ಕ್ಕೆ 480 ಚುಕ್ಕಿಗಳದ್ದು. ಭೂಪಟದ ಎತ್ತರ 450. ನಮ್ಮ ರಾಜ್ಯದ ಉದ್ದ ಸುಮಾರು 750 ಕಿಲೋಮೀಟರ್ ಆದ್ದರಿಂದ ಒಂದು ಚುಕ್ಕಿಗೆ ಸುಮಾರು ಒಂದೂ ಮುಕ್ಕಾಲು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಮಕ್ಕಳು ಸಾಲುಗಟ್ಟಿ ನಿಂತು ಆಡಿದರು.

ಒಂಬತ್ತನೆಯ ತರಗತಿಯಲ್ಲಿ ದೃಷ್ಟಿ ಬಹಳ ಮಂದವಾಗಿದ್ದ ಒಬ್ಬ ಹುಡುಗನಿದ್ದ. ದಪ್ಪ ಕನ್ನಡಕ, ಪುಸ್ತಕವನ್ನು ಮೂಗಿನ ಬಳಿ ಹಿಡಿದೇ ಓದಬೇಕು. ಭೂಪಟ ಅವನಿಗೆ ಕಾಣುತ್ತಿತ್ತು, ಆದರೆ ಆ ತೆಳ್ಳನೆಯ ಬಿಳಿ ಬಾಣ ಕಾಣುತ್ತಿರಲಿಲ್ಲ. "ಸಾರ್, ಬಾಣ ಎಲ್ಲೋ ಹೋಯ್ತು" ಎಂದು ಅವನು ಎರಡು ಸಲ ಹೇಳಿದ. ಅವನಿಗಾಗಿ ಒಂದು ದೊಡ್ಡ ಕರ್ಸರನ್ನು ನಾನೇ ರಚಿಸಬೇಕೆಂದು ಸಂಕಲ್ಪ ಮಾಡಿದೆ. ಆ ಉದ್ದೇಶದಲ್ಲಿ ಕಪಟವಿರಲಿಲ್ಲ ಎಂಬುದೊಂದೇ ನನಗಿರುವ ಸಮಾಧಾನ.

ಕರ್ಸರನ್ನು ರಚಿಸುವ ವಿಧಾನ ಸೊಗಸಾದದ್ದು. ಗಣಿತ ಇಷ್ಟಪಡುವವರಿಗೆ ಅದರ ರುಚಿ ತಿಳಿಸದೆ ಮುಂದೆ ಹೋಗಲಾರೆ. ಅಂದಿನ ವಿಂಡೋಸ್‌ನಲ್ಲಿ ಸಾಮಾನ್ಯ ಅಳತೆ ಉದ್ದಗಲಕ್ಕೆ 32 ಚುಕ್ಕಿಗಳು, ಒಟ್ಟು 1024. ಕಪ್ಪು ಬಿಳುಪಿನ ಕರ್ಸರಿಗೆ ಒಂದು ಚಿತ್ರವಲ್ಲ, ಒಂದರ ಮೇಲೊಂದಾಗಿ ಎರಡು ಮುಸುಕುಗಳಿರುತ್ತವೆ. ಮೊದಲ ಮುಸುಕು ಪರದೆಯ ಮೇಲಿರುವುದರೊಡನೆ 'ಆಂಡ್' ಎಂಬ ತರ್ಕಕ್ರಿಯೆ ನಡೆಸುತ್ತದೆ, ಎರಡನೆಯದು 'ಎಕ್ಸಾರ್' ಎಂಬುದನ್ನು. ಎರಡರಲ್ಲೂ 0 ಇದ್ದರೆ ಆ ಚುಕ್ಕಿ ಕಪ್ಪು. ಮೊದಲನೆಯದರಲ್ಲಿ 0, ಎರಡನೆಯದರಲ್ಲಿ 1 ಇದ್ದರೆ ಬಿಳಿ. ಮೊದಲನೆಯದರಲ್ಲಿ 1, ಎರಡನೆಯದರಲ್ಲಿ 0 ಇದ್ದರೆ ಕೆಳಗಿನ ಪರದೆ ಹಾಗೆಯೇ ಕಾಣುತ್ತದೆ, ಅಂದರೆ ಅಲ್ಲಿ ಕರ್ಸರ್ ಪಾರದರ್ಶಕ. ಎರಡರಲ್ಲೂ 1 ಇದ್ದರೆ ಕೆಳಗಿನ ಬಣ್ಣ ತಿರುವುಮುರುವಾಗುತ್ತದೆ: ಕಪ್ಪಿನ ಮೇಲೆ ಬಿಳಿ, ಬಿಳಿಯ ಮೇಲೆ ಕಪ್ಪು. ಎರಡು ಅಂಕಿಗಳ ನಾಲ್ಕು ಜೋಡಿಗಳಿಂದ ನಾಲ್ಕು ಫಲಗಳು, ಒಂದೂ ವ್ಯರ್ಥವಿಲ್ಲ.

ತಿರುವುಮುರುವಾಗುವ ಬಣ್ಣ ಎಲ್ಲ ಹಿನ್ನೆಲೆಯಲ್ಲೂ ಕಾಣುವುದೆಂದು ಮೊದಲು ಅದನ್ನೇ ಆರಿಸಿದೆ. ಆದರೆ ನನ್ನ ಭೂಪಟದಲ್ಲಿ ಬೂದು ಬಣ್ಣದ ಪ್ರದೇಶಗಳಿದ್ದವು. ನಡುಬೂದಿನ ಬೆಲೆ 255ರ ಅಳತೆಯಲ್ಲಿ 128. ಅದನ್ನು ತಿರುಗಿಸಿದರೆ 127. ಬೂದಿನ ಮೇಲೆ ಬೂದು, ಕರ್ಸರ್ ಮಾಯ! ಆದ್ದರಿಂದ ಕಪ್ಪು ಮೈಗೆ ಬಿಳಿಯ ಅಂಚು ಕೊಟ್ಟು ಬಿಡಿಸಿದೆ. ಆಕಾರ ಯಾವುದಿರಲಿ ಎಂದು ಯೋಚಿಸಿದಾಗ ನನಗೆ ಹೊಳೆದದ್ದು ನಮ್ಮ ತರಗತಿಯ ತೋರುಗೋಲು. ಗೋಡೆಯ ಭೂಪಟದ ಎಡಬದಿಗೆ ನಿಂತು ಬಲಗೈಯ ಕೋಲಿನಿಂದ ಊರು ತೋರಿಸುವುದು ನನ್ನ ಅಭ್ಯಾಸ. ಅದರಂತೆಯೇ ಹಿಡಿ ಕೆಳಗೆ ಎಡಮೂಲೆಯಲ್ಲಿ, ಚೂಪಾದ ತುದಿ ಮೇಲೆ ಬಲಮೂಲೆಯಲ್ಲಿ ಬರುವಂತೆ ದಪ್ಪನಾದ ಕೋಲೊಂದನ್ನು ಎರಡು ರಾತ್ರಿ ಕುಳಿತು ಚುಕ್ಕಿ ಚುಕ್ಕಿಯಾಗಿ ಬಿಡಿಸಿದೆ. ಮೌಸ್ ಪಾಯಿಂಟರಿಗೆ 99 ಎಂಬ ಬೆಲೆ ಕೊಟ್ಟು, ಮೌಸ್ ಐಕಾನ್ ಎಂಬಲ್ಲಿ ನನ್ನ ಕಡತದ ಹೆಸರು ಕೊಟ್ಟೆ. ಪರದೆಯ ಮೇಲೆ ನನ್ನ ಕೋಲು ಮೂಡಿದಾಗ ಆದ ಹರ್ಷವನ್ನು ಹೇಳಲಾರೆ.

ಒಂದು ಸಂಗತಿ ಮಾತ್ರ ಬಿಟ್ಟುಹೋಗಿತ್ತು. ಕರ್ಸರಿನಲ್ಲಿ ನಮಗೆ ಕಾಣುವ ಚುಕ್ಕಿಗಳು ನೂರಾರು. ಆದರೆ ಗುಂಡಿ ಒತ್ತಿದಾಗ 'ಇಲ್ಲಿ' ಎಂದು ಯಂತ್ರ ಗ್ರಹಿಸುವುದು ಒಂದೇ ಒಂದು ಚುಕ್ಕಿಯನ್ನು. ಅದನ್ನು ಹಾಟ್ ಸ್ಪಾಟ್ ಎನ್ನುತ್ತಾರೆ. ನಾನು ಮರ್ಮಬಿಂದು ಎಂದು ಕರೆದುಕೊಂಡಿದ್ದೇನೆ. ಬಾಣದಲ್ಲಿ ಅದು ತುದಿಯಲ್ಲಿರುತ್ತದೆ, ಕೂಡುಗೆರೆಯಲ್ಲಿ ನಡುವೆ, ಬೆರಳು ಚಾಚಿದ ಕೈಯಲ್ಲಿ ಬೆರಳ ತುದಿಯಲ್ಲಿ. ಚಿತ್ರವನ್ನು ನೋಡಿ ಯಂತ್ರ ತಾನಾಗಿ ಅದನ್ನು ಊಹಿಸುವುದಿಲ್ಲ, ರಚಿಸಿದವನೇ ಹೇಳಬೇಕು. ಕರ್ಸರ್ ಕಡತಕ್ಕೂ ಐಕಾನ್ ಕಡತಕ್ಕೂ ಒಳರಚನೆ ಹೆಚ್ಚು ಕಡಿಮೆ ಒಂದೇ. ಕರ್ಸರ್ ಕಡತದ ತಲೆಬರಹದಲ್ಲಿ ಈ ಬಿಂದುವಿನ ಎರಡು ಸಂಖ್ಯೆಗಳಿರುತ್ತವೆ ಎಂಬುದು ಮುಖ್ಯವಾದ ವ್ಯತ್ಯಾಸ. ನಾನು ಹೇಳದೆ ಬಿಟ್ಟಿದ್ದರಿಂದ ಆ ಸಂಖ್ಯೆಗಳು 0, 0 ಆಗಿಯೇ ಉಳಿದವು. ಎಂದರೆ ಮೇಲಿನ ಎಡಮೂಲೆ. ನನ್ನ ಕೋಲಿನ ತುದಿಯಿದ್ದದ್ದು ಮೇಲಿನ ಬಲಮೂಲೆಯಲ್ಲಿ, ಅಂದರೆ 31, 0ರಲ್ಲಿ. ಎಡಮೂಲೆಯಲ್ಲಿ ಕಾಣುವಂಥದ್ದು ಏನೂ ಇರಲಿಲ್ಲ, ಬರಿಯ ಪಾರದರ್ಶಕ ಶೂನ್ಯ. ಯಂತ್ರ ಆ ಶೂನ್ಯವನ್ನೇ ತುದಿ ಎಂದು ನಂಬಿತ್ತು.

ಮರುದಿನ ಹುಡುಗನನ್ನು ಕೂರಿಸಿ, ಇಡೀ ತರಗತಿಯನ್ನು ಹಿಂದೆ ನಿಲ್ಲಿಸಿಕೊಂಡು, "ನಿನಗಾಗಿಯೇ ಮಾಡಿದ್ದೇನೆ, ಆಡು" ಎಂದೆ. ಮೊದಲ ಪ್ರಶ್ನೆ ಮಂಗಳೂರು. ಅವನು ಮುಖವನ್ನು ಗಾಜಿಗೆ ತಾಗುವಷ್ಟು ಹತ್ತಿರ ಒಯ್ದು, ಕೋಲನ್ನು ನಿಧಾನವಾಗಿ ಸರಿಸಿ, ಒತ್ತಿದ. 'ತಪ್ಪು'. ಹಂಪಿ, 'ತಪ್ಪು'. ಕೂಡಲಿ, 'ತಪ್ಪು'. ಒಂದೊಂದು ಸಲವೂ ಹಿಂದಿನಿಂದ ನಗು ಹೆಚ್ಚಿತು. ಇಪ್ಪತ್ತು ಮುಗಿದಾಗ ಸರಿಯಾಗಿದ್ದದ್ದು ಒಂದೇ ಒಂದು. ಅವನು ಮೆಲ್ಲಗೆ, "ಸಾರ್, ನಾನು ಸರಿಯಾಗೇ ತೋರಿಸಿದೆ" ಎಂದ. ಎರಡು ರಾತ್ರಿಯ ನನ್ನ ಶ್ರಮ ಹಾಳಾಯಿತೆಂಬ ಸಿಟ್ಟಿನಲ್ಲಿ ನಾನು ಹೇಳಿದೆ: "ಕೋಲು ಕಾಣುವಂತೆ ನಾನು ಮಾಡಿಕೊಡಬಹುದು, ಪಾಠ ಓದಿಕೊಂಡು ಬರುವುದನ್ನು ನೀನೇ ಮಾಡಬೇಕು." ಅವನು ಎದ್ದು ಹೋದ. ಆಮೇಲೆ ಗಣಕದ ಕೋಣೆಯ ಕಡೆಗೆ ಬರಲಿಲ್ಲ. ಬಾರದಿದ್ದುದನ್ನು ನಾನು ಗಮನಿಸಿದೆ, ಆದರೆ ಕರೆಯಲಿಲ್ಲ.

ಸುಮಾರು ಹತ್ತು ದಿನಗಳ ನಂತರ ಎಲ್ಲ ಮಕ್ಕಳ ಅಂಕಗಳನ್ನು ಪುಸ್ತಕಕ್ಕೆ ಇಳಿಸಲು ಕುಳಿತೆ. ಪ್ರತಿಯೊಬ್ಬರೂ ಒತ್ತಿದ ಬಿಂದುವಿನ ಎರಡು ಸಂಖ್ಯೆಗಳು ಒಂದು ಕಡತದಲ್ಲಿ ದಾಖಲಾಗುವಂತೆ ನಾನು ಬರೆದಿದ್ದೆ, ಆದರೆ ಅದುವರೆಗೆ ತೆರೆದು ನೋಡಿರಲಿಲ್ಲ. ಉಳಿದವರ ತಪ್ಪುಗಳು ದಿಕ್ಕಾಪಾಲಾಗಿದ್ದವು. ಒಂದು ಬಡಗಣಕ್ಕೆ, ಒಂದು ತೆಂಕಣಕ್ಕೆ, ಒಂದು ಹತ್ತಿರ, ಒಂದು ದೂರ. ಈ ಹುಡುಗನ ತಪ್ಪುಗಳು ಹಾಗಿರಲಿಲ್ಲ. ಮೇಲೆ ಕೆಳಗಿನ ಸಂಖ್ಯೆ ಹೆಚ್ಚು ಕಡಿಮೆ ಎಲ್ಲವೂ ಸರಿ. ಅಡ್ಡ ಸಂಖ್ಯೆ ಮಾತ್ರ ಸಾಲುಸಾಲಾಗಿ ಮೂವತ್ತರ ಆಸುಪಾಸು ಕಡಿಮೆ. ಎಲ್ಲ ತಪ್ಪುಗಳೂ ಪಡುವಣ ದಿಕ್ಕಿಗೆ, ಒಂದೇ ದೂರಕ್ಕೆ.

ನಾನು ಭೌತವಿಜ್ಞಾನವನ್ನೂ ಕಲಿಸಿದವನು. ವರ್ನಿಯರ್ ಕ್ಯಾಲಿಪರ್ಸ್, ಸ್ಕ್ರೂ ಗೇಜುಗಳನ್ನು ಕೈಗೆ ಕೊಟ್ಟು, ಅಳೆಯುವ ಮೊದಲು ಶೂನ್ಯದೋಷ ನೋಡಿ ಎಂದು ವರ್ಷ ವರ್ಷವೂ ಗಂಟಲು ಹರಿದುಕೊಂಡವನು. ಅಳೆಯುವವನ ತಪ್ಪು ಚದುರಿ ಬೀಳುತ್ತದೆ. ಒಂದೇ ಕಡೆಗೆ, ಒಂದೇ ಪ್ರಮಾಣದಲ್ಲಿ ಬೀಳುವ ತಪ್ಪು ಸಾಧನದ್ದು. ಇದು ನನ್ನದೇ ಪಾಠ. ಆ ಸಂಖ್ಯೆಗಳನ್ನು ನೋಡುತ್ತಿದ್ದಂತೆ ಕೈ ತಣ್ಣಗಾಯಿತು. ಆ ಕೋಲನ್ನು ಹಾಕಿಕೊಂಡು ನಾನೇ ಆಟಕ್ಕೆ ಕುಳಿತೆ. ಮಂಗಳೂರಿನ ಮೇಲೆ ತುದಿಯಿಟ್ಟು ಒತ್ತಿದೆ. 'ತಪ್ಪು'. ಮೂವತ್ತೊಂದು ಚುಕ್ಕಿ ಎಂದರೆ ಐವತ್ತು ಕಿಲೋಮೀಟರಿಗೂ ಹೆಚ್ಚು. ಹುಡುಗ ಮಂಗಳೂರನ್ನು ತೋರಿಸಿದಾಗ ಯಂತ್ರ ಅರಬ್ಬೀ ಸಮುದ್ರವನ್ನು ಕಂಡಿತ್ತು; ಹಂಪಿಯನ್ನು ತೋರಿಸಿದಾಗ ಕೊಪ್ಪಳವನ್ನು ದಾಟಿ ಆಚೆಗೆ ಹೋಗಿತ್ತು.

ಅವನ ಇಪ್ಪತ್ತು ಉತ್ತರಗಳಿಗೂ ಮೂವತ್ತೊಂದನ್ನು ಕೂಡಿಸಿ ಮತ್ತೆ ತಿದ್ದಿದೆ. ತಪ್ಪೆಂದು ಬಂದಿದ್ದ ಹತ್ತೊಂಬತ್ತರಲ್ಲಿ ಹದಿನೇಳು ಸರಿಯಾದವು. ಇನ್ನೊಂದು ವಿಚಿತ್ರವೂ ಕಂಡಿತು. ಯಂತ್ರ ಅಂದು ಸರಿ ಎಂದಿದ್ದ ಒಂದೇ ಒಂದು ಉತ್ತರ ಶ್ರವಣಬೆಳಗೊಳದ್ದು. ಅವನು ನಿಜವಾಗಿ ತೋರಿಸಿದ್ದು ಪೂರ್ವದ ಕುಣಿಗಲ್ ಕಡೆಗೆ. ಅವನ ತಪ್ಪೂ ನನ್ನ ತಪ್ಪೂ ಒಂದನ್ನೊಂದು ಕಳೆದು ಅದು ಸರಿಯಾಗಿ ಕಂಡಿತ್ತು. ಕೊನೆಗೆ ಅವನ ಅಂಕ ಹದಿನೇಳು. ತರಗತಿಯಲ್ಲಿ ಅದುವರೆಗಿನ ಗರಿಷ್ಠ ಅಂಕ ಹದಿನಾರು.

ಮರುದಿನ ಮೊದಲ ಅವಧಿಯಲ್ಲಿ ಕಪ್ಪು ಹಲಗೆಯ ಮೇಲೆ 32 ಚೌಕಗಳ ಚಿತ್ರ ಬರೆದು, ಮರ್ಮಬಿಂದು ಎಂದರೇನು, ಅದು ಎಲ್ಲಿರಬೇಕಿತ್ತು, ಎಲ್ಲಿತ್ತು ಎಂದು ವಿವರಿಸಿದೆ. "ಇವನು ಸರಿಯಾಗಿ ತೋರಿಸಿದ್ದಾನೆ. ತಪ್ಪು ಮಾಡಿದ್ದು ನಾನು. ಎಲ್ಲರೆದುರು ಅವನಿಗೆ ಆಡಿದ ಮಾತನ್ನು ಎಲ್ಲರೆದುರೇ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ" ಎಂದೆ. ತರಗತಿ ಸ್ತಬ್ಧವಾಗಿತ್ತು. ಹುಡುಗ ಎದ್ದು ನಿಂತ. ಏನಾದರೂ ನೋವಿನ ಮಾತು ಹೇಳುವನೇನೋ ಎಂದು ನಾನು ಸಿದ್ಧನಾಗಿದ್ದೆ. ಅವನು ಹಲಗೆಯ ಕಡೆಗೆ ಕಣ್ಣು ಕಿರಿದುಮಾಡಿ ನೋಡುತ್ತ ಕೇಳಿದ್ದು ಇಷ್ಟೇ: "ಹಾಗಾದರೆ ಶ್ರವಣಬೆಳಗೊಳ ತಪ್ಪಾಯಿತಲ್ವಾ ಸಾರ್? ಹದಿನೇಳರಲ್ಲಿ ಅದನ್ನು ಸೇರಿಸಿದ್ದೀರಾ?"

ಸೇರಿಸಿಲ್ಲವೆಂದು ಹೇಳಿದೆ. ಅವನು ಕುಳಿತುಕೊಂಡ.

ಅಂದಿನ ಸಂಜೆ ಎರಡು ಬದಲಾವಣೆ ಮಾಡಿದೆ. ಮರ್ಮಬಿಂದುವನ್ನು 31, 0ಕ್ಕೆ ಒಯ್ದೆ. ಇನ್ನು ಮುಂದೆ ಗುಂಡಿ ಒತ್ತಿದ ಕೂಡಲೇ ಯಂತ್ರ ಗ್ರಹಿಸಿದ ಸ್ಥಳದಲ್ಲಿ ಒಂದು ಕೆಂಪು ಬೊಟ್ಟು ಮೂಡುವಂತೆ ಮಾಡಿದೆ. ಮೊದಲೇ ಆ ಬೊಟ್ಟು ಇದ್ದಿದ್ದರೆ, ಸಮುದ್ರದ ನಡುವೆ ಅದನ್ನು ಕಂಡ ಯಾವ ಮಗುವಾದರೂ ನನ್ನ ತಪ್ಪನ್ನು ಒಂದು ನಿಮಿಷದಲ್ಲಿ ಹಿಡಿಯುತ್ತಿತ್ತು. 'ತಪ್ಪು' ಎಂದು ಹೇಳಿ, ತಾನು ಏನನ್ನು ನೋಡಿ ಹಾಗೆ ಹೇಳಿದೆನೆಂದು ತೋರಿಸದ ಯಂತ್ರವನ್ನು ನಾನು ಕಟ್ಟಿದ್ದೆ. ಯೋಚಿಸಿದರೆ, ಹಾಗೆ ತಿದ್ದುವ ಮೇಷ್ಟ್ರುಗಳೂ ಉಂಟು. ನಾನೂ ಎಷ್ಟೋ ಉತ್ತರಪತ್ರಿಕೆಗಳ ಮೇಲೆ ಬರಿಯ ಕೆಂಪು ಗೀಟು ಎಳೆದು ಮುಂದೆ ಹೋಗಿದ್ದೇನೆ. ಆ ವರ್ಷದಿಂದ ನಿವೃತ್ತಿಯವರೆಗೆ ಗೀಟಿನ ಪಕ್ಕದಲ್ಲಿ ಒಂದು ಸಾಲಾದರೂ ಬರೆಯುವ ಅಭ್ಯಾಸ ಮಾಡಿಕೊಂಡೆ.

ನಿಮ್ಮಲ್ಲಿ ಹಲವರು ಇಂದು ತಂತ್ರಾಂಶವನ್ನೇ ವೃತ್ತಿಯಾಗಿಸಿಕೊಂಡಿದ್ದೀರಿ. ಮರ್ಮಬಿಂದುವಿನ ವಿಷಯದಲ್ಲಿ ಒಂದೊಂದು ಭಾಷೆಯ ಪದ್ಧತಿ ಒಂದೊಂದು ರೀತಿ. ಜಾವಾದಲ್ಲಿ ಕರ್ಸರ್ ರಚಿಸುವಾಗಲೇ ಆ ಬಿಂದುವನ್ನು ಕೊಡಬೇಕು. ಚಿತ್ರದ ಹೊರಗಿನ ಬಿಂದು ಕೊಟ್ಟರೆ ಅದು ಒಪ್ಪದೆ ದೋಷ ತೋರಿಸುತ್ತದೆ. ಕ್ಯೂಟಿ ಎಂಬ ಸಲಕರಣೆಯಲ್ಲಿ ನೀವು ಹೇಳದಿದ್ದರೆ ಚಿತ್ರದ ನಟ್ಟನಡುವನ್ನೇ ಹಿಡಿಯುತ್ತದೆ. ಯಾವುದಾದರೇನು, ಮೂಲೆಯೂ ನಡುವೂ ಯಂತ್ರದ ಅನುಕೂಲ. ತುದಿ ಎಲ್ಲಿದೆಯೆಂದು ಬಲ್ಲವನು ಚಿತ್ರ ಬರೆದವನೊಬ್ಬನೇ.

ಈಗ ನನ್ನ ಕಣ್ಣೂ ಮಂದವಾಗಿದೆ. ವಿಂಡೋಸ್‌ನಲ್ಲಿ 2019ರಿಂದ ಬಾಣದ ಗಾತ್ರವನ್ನೂ ಬಣ್ಣವನ್ನೂ ಬಳಸುವವರೇ ಬದಲಿಸಿಕೊಳ್ಳುವ ಸುಲಭ ಸೌಕರ್ಯವಿದೆ. ಮ್ಯಾಕ್ ಗಣಕಗಳಲ್ಲಿ 2015ರಿಂದ ಮೌಸನ್ನು ಗಡಗಡ ಅಲುಗಿಸಿದರೆ ಬಾಣ ಒಮ್ಮೆ ದೊಡ್ಡದಾಗಿ ಕಾಣಿಸಿಕೊಳ್ಳುತ್ತದೆ. ನಾನು ಬಾಣವನ್ನು ದೊಡ್ಡದು ಮಾಡಿ ಹಳದಿ ಬಣ್ಣ ಕೊಟ್ಟಿದ್ದೇನೆ. ಎಷ್ಟು ದೊಡ್ಡದು ಮಾಡಿದರೂ ಅದರ ತುದಿ ತುದಿಯಾಗಿಯೇ ಇದೆ. ಯಾರೋ ಜೋಪಾನವಾಗಿ ಆ ಬಿಂದುವನ್ನು ಚಿತ್ರದೊಡನೆ ಸರಿಸಿದ್ದಾರೆ. ಅವರ ಹೆಸರು ನನಗೆ ತಿಳಿಯದು. ದಿನಕ್ಕೊಮ್ಮೆಯಾದರೂ ಮನಸ್ಸಿನಲ್ಲೇ ನಮಸ್ಕರಿಸುತ್ತೇನೆ.

ಅಣ್ಣನ ಸ್ಲೈಡ್ ರೂಲನ್ನು ಒರೆಸಿ ಮತ್ತೆ ಬೀರುವಿನಲ್ಲಿಟ್ಟಿದ್ದೇನೆ. ಅದರ ಗಾಜಿನ ಮೇಲಿನ ಗೆರೆ ಇನ್ನೂ ಅಳಿಸಿಲ್ಲ.